ಹಳೆಯ ಡೀಸೆಲ್ ಎಸ್.ಯು.ವಿ. ಖರೀದಿ: ಮುಂಗಡ ಕೊಡುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

ಯಾದಗಿರಿ, ಶಹಾಪುರ ಹಾಗೂ ಸುರಪುರ ಭಾಗದ ವರ್ತಕರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ಎತ್ತರದ, ಗಟ್ಟಿಮುಟ್ಟಾದ ಡೀಸೆಲ್ ವಾಹನವು ಕೇವಲ ಅಂತಸ್ತಿನ ವಸ್ತುವಲ್ಲ. ಅದು ವ್ಯವಹಾರದ ಸಾಧನ. ತೊಗರಿ, ಹತ್ತಿ, ಭತ್ತಗಳ ಖರೀದಿಗಾಗಿ ಹಳ್ಳಿಗಳಿಗೆ ಹೋಗಿಬರುವವರು, ದಾಲ್ ಮಿಲ್ಲು ಹಾಗೂ ಜಿನ್ನಿಂಗ್ ಕಾರ್ಖಾನೆಗಳನ್ನು ನಡೆಸುವವರು, ಕಡೇಚೂರು ಕೈಗಾರಿಕಾ ಪ್ರದೇಶಕ್ಕೆ ನಿತ್ಯ ಓಡಾಡುವವರು, ನಾರಾಯಣಪುರ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ ಗೊಬ್ಬರ ಮತ್ತು ಬೀಜದ ವ್ಯಾಪಾರ ಮಾಡುವವರು ಇಂತಹ ವಾಹನವನ್ನೇ ಬಯಸುತ್ತಾರೆ. ಹೊಸ ವಾಹನದ ಬೆಲೆ ಕೈಗೆಟುಕದಿದ್ದಾಗ ಹಳೆಯದರ ಕಡೆಗೆ ದೃಷ್ಟಿ ಹರಿಯುವುದು ಸಹಜ.

ಆದರೆ ಚೀಲದ ಬಾಯಿಯಲ್ಲಿರುವ ತೊಗರಿಯನ್ನಷ್ಟೇ ನೋಡಿ ದರ ಕಟ್ಟುವ ವರ್ತಕರು ಯಾರೂ ಇಲ್ಲ. ನಡುವಿನಿಂದಲೂ ತಳದಿಂದಲೂ ಮಾದರಿ ತೆಗೆದು, ತೇವಾಂಶ ನೋಡಿ, ಕಸಕಡ್ಡಿಯ ಪ್ರಮಾಣ ಅಂದಾಜಿಸಿದ ನಂತರವೇ ಬೆಲೆಯ ಮಾತು ಬರುತ್ತದೆ. ಅದೇ ವರ್ತಕರು ಐದಾರು ಲಕ್ಷ ರೂಪಾಯಿಗಳ ವಾಹನವನ್ನು ಹೊಳೆಯುವ ಬಣ್ಣ ಮತ್ತು ಹೊಸ ಸೀಟು ಕವರುಗಳನ್ನು ಕಂಡು ಅರ್ಧ ಗಂಟೆಯಲ್ಲಿ ಖರೀದಿಸುವ ಪರಿಪಾಠ ನಮ್ಮಲ್ಲಿದೆ. ಸರಕಿನಲ್ಲಿ ತೋರುವ ಎಚ್ಚರವನ್ನು ವಾಹನದ ಖರೀದಿಯಲ್ಲಿಯೂ ತೋರುವುದು ಹೇಗೆ ಎಂಬುದನ್ನು ಕ್ರಮವಾಗಿ ತಿಳಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಡೀಸೆಲ್ ವಾಹನವೇ ಅಗತ್ಯವೇ?

ಮೊದಲು ತಮ್ಮ ವಾರ್ಷಿಕ ಓಡಾಟದ ಲೆಕ್ಕ ಹಾಕಬೇಕು. ಲೆಕ್ಕದ ಅನುಕೂಲಕ್ಕಾಗಿ ಡೀಸೆಲ್ ಲೀಟರಿಗೆ 90 ರೂ., ಪೆಟ್ರೋಲ್ 103 ರೂ. ಎಂದೂ, ಒಂದೇ ಗಾತ್ರದ ವಾಹನ ಡೀಸೆಲ್‌ನಲ್ಲಿ ಲೀಟರಿಗೆ 13 ಕಿ.ಮೀ., ಪೆಟ್ರೋಲ್‌ನಲ್ಲಿ 10 ಕಿ.ಮೀ. ಕೊಡುತ್ತದೆಂದೂ ಭಾವಿಸೋಣ. ಆಗ ಕಿ.ಮೀ. ಒಂದಕ್ಕೆ ಡೀಸೆಲ್ ವೆಚ್ಚ 6.92 ರೂ., ಪೆಟ್ರೋಲ್ ವೆಚ್ಚ 10.30 ರೂ. ಆಗುತ್ತದೆ; ಉಳಿತಾಯ 3.38 ರೂ. ವರ್ಷಕ್ಕೆ 25,000 ಕಿ.ಮೀ. ಓಡುವವರಿಗೆ 84,500 ರೂ. ಉಳಿಯುತ್ತದೆ. 10,000 ಕಿ.ಮೀ. ಮಾತ್ರ ಓಡುವವರಿಗೆ ಉಳಿಯುವುದು 33,800 ರೂ. ಟರ್ಬೊ ಅಥವಾ ಇಂಜೆಕ್ಟರುಗಳ ಒಂದೇ ಒಂದು ದೊಡ್ಡ ರಿಪೇರಿ ಈ ಉಳಿತಾಯವನ್ನು ಪೂರ್ತಿಯಾಗಿ ನುಂಗಬಲ್ಲದು. ಆದ್ದರಿಂದ ಮನೆಯಿಂದ ಗಂಜಿಗೆ, ಗಂಜಿನಿಂದ ಮನೆಗೆ ಮಾತ್ರ ಓಡಾಡುವವರಿಗೆ ಹಳೆಯ ಡೀಸೆಲ್ ವಾಹನ ಲಾಭದಾಯಕವಲ್ಲ.

2. ಇಂಜಿನ್‌ಗಿಂತ ಮೊದಲು ಕಾಗದಪತ್ರ

ಇಂಜಿನ್ ಕೆಟ್ಟರೆ ಹಣ ಕೊಟ್ಟು ರಿಪೇರಿ ಮಾಡಿಸಬಹುದು. ಕಾಗದಪತ್ರದ ದೋಷವನ್ನು ಯಾವ ಮೆಕ್ಯಾನಿಕ್ಕನೂ ಸರಿಪಡಿಸಲಾರ. ಆದುದರಿಂದ ವಾಹನ ನೋಡಲು ಹೊರಡುವ ಮೊದಲೇ ಅದರ ನೋಂದಣಿ ಸಂಖ್ಯೆಯನ್ನು ಪಡೆದು, ಕೇಂದ್ರ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಅಥವಾ ವಾಹನ್ ಜಾಲತಾಣದಲ್ಲಿ ಪರಿಶೀಲಿಸಬೇಕು. ನೋಂದಣಿಯ ದಿನಾಂಕ, ಇಂಧನದ ವಿಧ, ವಿಮೆಯ ಅವಧಿ, ಹೊಗೆ ತಪಾಸಣೆಯ ಅವಧಿ, ಸಾಲದ ನಮೂದು, ಬಾಕಿ ಇರುವ ದಂಡದ ಚಲನ್‌ಗಳು ಇವೆಲ್ಲ ಅಲ್ಲಿ ತಿಳಿಯುತ್ತವೆ. ಕಪ್ಪುಪಟ್ಟಿಗೆ ಸೇರಿದ ವಾಹನವಾಗಿದ್ದರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸುವುದು ಲೇಸು.

ನಂತರ ಆರ್.ಸಿ.ಯಲ್ಲಿರುವ ಚಾಸಿಸ್ ಸಂಖ್ಯೆ ಮತ್ತು ಇಂಜಿನ್ ಸಂಖ್ಯೆಗಳನ್ನು ವಾಹನದ ಮೇಲೆ ಕೆತ್ತಿರುವ ಸಂಖ್ಯೆಗಳೊಡನೆ ಒಂದೊಂದು ಅಕ್ಷರವಾಗಿ ತಾಳೆ ನೋಡಬೇಕು. ಸಂಖ್ಯೆಯ ಸುತ್ತ ಉಜ್ಜಿದ ಗುರುತು, ಹೊಸ ವೆಲ್ಡಿಂಗ್ ಅಥವಾ ದಪ್ಪನೆಯ ಬಣ್ಣ ಕಂಡುಬಂದರೆ ಕಾರಣವನ್ನು ಲಿಖಿತವಾಗಿ ಕೇಳಬೇಕು. ಇಂಜಿನ್ ಬದಲಾಯಿಸಿ ಆರ್.ಸಿ.ಯಲ್ಲಿ ನಮೂದಿಸದೇ ಇರುವ ವಾಹನವನ್ನು ಎಷ್ಟೇ ಅಗ್ಗವಾದರೂ ಕೊಳ್ಳಬಾರದು.

ಹೈಪಾಥಿಕೇಷನ್ ಎಂದು ಕರೆಯಲಾಗುವ ಸಾಲದ ನಮೂದು ಆರ್.ಸಿ.ಯಲ್ಲಿ ಇದ್ದರೆ, "ಸಾಲ ತೀರಿದೆ" ಎಂಬ ಬಾಯಿಮಾತು ಸಾಲದು. ಬ್ಯಾಂಕಿನ ಅಥವಾ ಹಣಕಾಸು ಸಂಸ್ಥೆಯ ಋಣಮುಕ್ತ ಪತ್ರ ಹಾಗೂ ಸಹಿ ಮಾಡಿದ ನಮೂನೆ 35 ಎರಡೂ ಕೈಗೆ ಬರಬೇಕು, ಆರ್.ಸಿ.ಯಿಂದ ನಮೂದು ತೆಗೆದುಹಾಕಿಸಿದ ಮೇಲೆಯೇ ಪೂರ್ಣ ಹಣ ಕೊಡಬೇಕು.

ಮಾಲೀಕತ್ವದ ವರ್ಗಾವಣೆಗೆ ನಮೂನೆ 29ರ ಎರಡು ಪ್ರತಿಗಳು ಮತ್ತು ನಮೂನೆ 30 ಅವಶ್ಯಕ. 1988ರ ಮೋಟಾರು ವಾಹನಗಳ ಅಧಿನಿಯಮದ 50ನೇ ಪ್ರಕರಣದ ಪ್ರಕಾರ ರಾಜ್ಯದೊಳಗಿನ ಮಾರಾಟದಲ್ಲಿ ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸತಕ್ಕದ್ದು. ನೋಂದಾಯಿತ ಮಾಲೀಕರು ಮೃತಪಟ್ಟಿದ್ದರೆ, ವಾರಸುದಾರರು ಮೊದಲು ನಮೂನೆ 31ರ ಮೂಲಕ ತಮ್ಮ ಹೆಸರಿಗೆ ಮಾಡಿಸಿಕೊಂಡ ನಂತರವೇ ಮಾರಾಟ ಸಾಧ್ಯ.

ಖಾಲಿ ನಮೂನೆಗಳ ಮೇಲೆ ಸಹಿ ಪಡೆದು, ವರ್ಗಾವಣೆ ಮಾಡಿಸದೆ ವರ್ಷಗಟ್ಟಲೆ ವಾಹನ ಓಡಿಸುವ ರೂಢಿ ನಮ್ಮ ಕಡೆ ವ್ಯಾಪಕವಾಗಿದೆ. ಇದು ಇಬ್ಬರಿಗೂ ಅಪಾಯಕಾರಿ. 2018ರ ಫೆಬ್ರವರಿ 6ರಂದು ಸರ್ವೋಚ್ಚ ನ್ಯಾಯಾಲಯವು ನೀಡಿದ ತೀರ್ಪಿನಲ್ಲಿ, ಕಾರೊಂದು ಹಲವು ಕೈ ಬದಲಾಯಿಸಿದ ನಂತರ ಅಪಘಾತ ಸಂಭವಿಸಿದ್ದರೂ, ನೋಂದಣಿ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಎಂದು ಹೇಳಿತು. ಅಂದರೆ ತಮ್ಮ ಹಳೆಯ ವಾಹನವನ್ನು ಮಾರಿ ಹೊಸದಕ್ಕೆ ಹೋಗುವ ವರ್ತಕರು, ಮಾರಿದ ವಾಹನದ ವರ್ಗಾವಣೆ ಆಗಿದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು.

ವಿಮೆಯ ವಿಷಯದಲ್ಲಿ ಎರಡು ಮಾತು. ವಾಹನ ಕೈ ಬದಲಾದಾಗ ಮೂರನೇ ವ್ಯಕ್ತಿಯ ವಿಮೆ ಕಾನೂನಿನನ್ವಯ ಹೊಸ ಮಾಲೀಕರಿಗೆ ವರ್ಗವಾದಂತೆ ಪರಿಗಣಿತವಾಗುತ್ತದೆ. ಆದರೆ ತಮ್ಮ ವಾಹನಕ್ಕಾದ ಹಾನಿಯ ಪರಿಹಾರ ಸಿಗಬೇಕಾದರೆ ಪಾಲಿಸಿ ತಮ್ಮ ಹೆಸರಿಗೆ ಬರಲೇಬೇಕು. 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಕೊಡಬೇಕು. ಎರಡನೆಯದಾಗಿ, ಕ್ಲೇಮು ಮಾಡದಿದ್ದುದಕ್ಕೆ ದೊರೆಯುವ ಬೋನಸ್ ಮಾಲೀಕರಿಗೆ ಸೇರಿದ್ದೇ ಹೊರತು ವಾಹನಕ್ಕಲ್ಲ. ಮಾರುವವರ ಕಡಿಮೆ ಪ್ರೀಮಿಯಂ ತಮಗೂ ಅನ್ವಯಿಸುತ್ತದೆಂದು ಲೆಕ್ಕ ಹಾಕಬಾರದು. ಹಳೆಯ ಪಾಲಿಸಿಗಳನ್ನು ಕೇಳಿ ನೋಡಿದರೆ ಇನ್ನೊಂದು ಉಪಯೋಗವಿದೆ: ಯಾವುದಾದರೊಂದು ವರ್ಷ ಬೋನಸ್ ಇದ್ದಕ್ಕಿದ್ದಂತೆ ಶೂನ್ಯವಾಗಿದ್ದರೆ, ಅದರ ಹಿಂದಿನ ವರ್ಷ ಕ್ಲೇಮು ಆಗಿರುವ ಸಂಭವ ಹೆಚ್ಚು. ಅದು ಯಾವ ಅಪಘಾತಕ್ಕೆ ಎಂದು ವಿಚಾರಿಸಬೇಕು.

3. ಹೊರ ರಾಜ್ಯದ ವಾಹನಗಳು

ಯಾದಗಿರಿಯ ಕೆ.ಎ.-33, ಕಲಬುರಗಿಯ ಕೆ.ಎ.-32, ರಾಯಚೂರಿನ ಕೆ.ಎ.-36 ಅಥವಾ ವಿಜಯಪುರದ ಕೆ.ಎ.-28 ಸಂಖ್ಯೆಯ ವಾಹನಗಳ ವರ್ಗಾವಣೆ ಸುಲಭ. ತೆಲಂಗಾಣದ ಟಿ.ಎಸ್. (2024ರ ಮಾರ್ಚ್ ನಂತರ ಟಿ.ಜಿ.) ಅಥವಾ ಸೊಲ್ಲಾಪುರದ ಎಂ.ಹೆಚ್.-13 ಸಂಖ್ಯೆಯ ವಾಹನ ಲಕ್ಷ ರೂಪಾಯಿ ಅಗ್ಗವಾಗಿ ಕಂಡರೂ ಅಲ್ಲಿಯ ಬೆಲೆಯೇ ಅಂತಿಮವಲ್ಲ. ಮೂಲ ಪ್ರಾಧಿಕಾರದಿಂದ ನಮೂನೆ 28ರ ನಿರಾಕ್ಷೇಪಣಾ ಪತ್ರ ತರಬೇಕು. ಕರ್ನಾಟಕದಲ್ಲಿ ಮರುನೋಂದಣಿ ಮಾಡಿಸಬೇಕು. ವಾಹನದ ವಯಸ್ಸನ್ನು ಆಧರಿಸಿದ ಜೀವಿತಾವಧಿ ತೆರಿಗೆಯನ್ನು ಇಲ್ಲಿ ತುಂಬಬೇಕು. ನಮ್ಮ ರಾಜ್ಯದಲ್ಲಿ ಹೊಸ ಕಾರುಗಳಿಗೆ ಈ ತೆರಿಗೆ ಬೆಲೆಗೆ ಅನುಗುಣವಾಗಿ ಶೇ. 13ರಿಂದ ಶೇ. 18ರವರೆಗೆ ಇದ್ದು, ಹಳೆಯದಕ್ಕೆ ವಯಸ್ಸಿನಂತೆ ಇಳಿಯುತ್ತದೆ. ತೆರಿಗೆಯ ಮೊತ್ತವನ್ನು ಆರ್.ಟಿ.ಓ. ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸಿ, ಅದನ್ನು ಬೆಲೆಗೆ ಸೇರಿಸಿಯೇ ಅಗ್ಗವೋ ತುಟ್ಟಿಯೋ ನಿರ್ಧರಿಸಬೇಕು.

ದೆಹಲಿ ಮತ್ತು ಸುತ್ತಲಿನ ಪ್ರದೇಶದಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳ ಸಂಚಾರದ ಮೇಲಿನ ನಿರ್ಬಂಧವನ್ನು ಸರ್ವೋಚ್ಚ ನ್ಯಾಯಾಲಯವು 2018ರ ಅಕ್ಟೋಬರ್‌ನಲ್ಲಿ ದೃಢಪಡಿಸಿದ ನಂತರ ಅಲ್ಲಿಯ ವಾಹನಗಳು ಕಡಿಮೆ ಬೆಲೆಗೆ ಇತರ ರಾಜ್ಯಗಳಿಗೆ ಹರಿದುಬಂದವು. 2025ರ ಆಗಸ್ಟ್‌ನಲ್ಲಿ ನ್ಯಾಯಾಲಯವು ವಯಸ್ಸೊಂದನ್ನೇ ಕಾರಣವಾಗಿಟ್ಟುಕೊಂಡು ಬಲವಂತದ ಕ್ರಮ ಕೈಗೊಳ್ಳದಂತೆ ಸೂಚಿಸಿತು. ಅಂತಹ ವಾಹನ ಎದುರಾದರೆ ಅದರ ನೋಂದಣಿ ಇನ್ನೂ ಜೀವಂತವಾಗಿದೆಯೇ, ನಿರಾಕ್ಷೇಪಣಾ ಪತ್ರ ದೊರೆಯುವುದೇ ಎಂಬುದನ್ನು ಮೊದಲು ತಿಳಿಯಬೇಕು.

ಕರ್ನಾಟಕದಲ್ಲಿ ಡೀಸೆಲ್ ವಾಹನಗಳಿಗೆ 10 ವರ್ಷದ ಮಿತಿ ಇಲ್ಲ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ತಪಾಸಣೆಯ ನಂತರ ಐದೈದು ವರ್ಷಗಳಿಗೆ ನವೀಕರಿಸಬಹುದು. ಕಾರು ವರ್ಗದ ನವೀಕರಣ ಶುಲ್ಕವನ್ನು 2022ರ ಏಪ್ರಿಲ್ 1ರಿಂದ 5,000 ರೂ.ಗೆ, 20 ವರ್ಷ ಮೀರಿದ ವಾಹನಗಳಿಗೆ 2025ರ ಆಗಸ್ಟ್‌ನಿಂದ 10,000 ರೂ.ಗೆ ಏರಿಸಲಾಗಿದೆ. 13 ಅಥವಾ 14 ವರ್ಷದ ವಾಹನ ಕೊಳ್ಳುವವರು ಈ ಖರ್ಚನ್ನೂ ತಪಾಸಣೆಯಲ್ಲಿ ತೇರ್ಗಡೆಯಾಗಲು ಬೇಕಾಗುವ ರಿಪೇರಿಯನ್ನೂ ಗಮನದಲ್ಲಿಡಬೇಕು. ಸರ್ಕಾರಿ ಇಲಾಖೆಗಳ 15 ವರ್ಷ ಮೀರಿದ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ನವೀಕರಣಗೊಳ್ಳುವುದಿಲ್ಲ. ಅಂಥವನ್ನು ಓಡಿಸುವ ಉದ್ದೇಶದಿಂದ ಕೊಳ್ಳಬಾರದು.

4. ಮೀಟರು ಹೇಳುವುದೂ ವಾಹನ ಹೇಳುವುದೂ

ಕಿ.ಮೀ. ಮೀಟರನ್ನು ಹಿಂದಕ್ಕೆ ತಿರುಗಿಸುವುದು ಇಂದು ಕೆಲವೇ ನಿಮಿಷಗಳ ಕೆಲಸ. ಬಾಡಿಗೆಗೆ ಅಥವಾ ಕಚೇರಿಗಳ ಗುತ್ತಿಗೆಗೆ ಓಡಿದ ವಾಹನಗಳಲ್ಲಿ ಈ ಭಯ ಹೆಚ್ಚು. ದಿನಕ್ಕೆ 200 ಕಿ.ಮೀ.ನಂತೆ ತಿಂಗಳಿಗೆ 25 ದಿನ ಓಡಿದ ವಾಹನ ವರ್ಷಕ್ಕೆ 60,000 ಕಿ.ಮೀ., ಆರು ವರ್ಷಕ್ಕೆ 3,60,000 ಕಿ.ಮೀ. ಕ್ರಮಿಸಿರುತ್ತದೆ. ಮೀಟರಿನಲ್ಲಿ 1,10,000 ಎಂದಿದ್ದರೆ ಉಳಿದ ಎರಡೂವರೆ ಲಕ್ಷ ಕಿ.ಮೀ.ಗಳ ಸವೆತವನ್ನು ಕೊಳ್ಳುವವರೇ ಭರಿಸಬೇಕಾಗುತ್ತದೆ.

ಇದನ್ನು ಕಂಡುಹಿಡಿಯಲು ಅಧಿಕೃತ ಸೇವಾ ಕೇಂದ್ರದ ದಾಖಲೆಯೇ ಶ್ರೇಷ್ಠ ಸಾಧನ. ಪ್ರತಿ ಸರ್ವಿಸಿನ ದಿನಾಂಕ ಮತ್ತು ಕಿ.ಮೀ. ಅಲ್ಲಿ ನಮೂದಾಗಿರುತ್ತವೆ. ಮಾಲೀಕರ ಒಪ್ಪಿಗೆ ಪಡೆದು ಅದನ್ನು ತರಿಸಬೇಕು. ದಾಖಲೆ ಇಲ್ಲದಿದ್ದರೆ ಸವೆದ ಕ್ಲಚ್ ಪೆಡಲಿನ ರಬ್ಬರು, ನುಣುಪಾದ ಸ್ಟೇರಿಂಗ್, ಕುಸಿದ ಚಾಲಕನ ಸೀಟು, ಸಡಿಲವಾದ ಬಾಗಿಲಿನ ಕೀಲುಗಳು ಸಾಕ್ಷಿ ಹೇಳುತ್ತವೆ. ಟೈರಿನ ಪಕ್ಕದ ನಾಲ್ಕು ಅಂಕಿಗಳು ಅದರ ತಯಾರಿಕೆಯ ವಾರ ಮತ್ತು ವರ್ಷವನ್ನು ತಿಳಿಸುತ್ತವೆ. 2319 ಎಂದರೆ 2019ರ 23ನೇ ವಾರ. 40,000 ಕಿ.ಮೀ. ಮಾತ್ರ ಓಡಿದ ವಾಹನಕ್ಕೆ ಎರಡನೇ ಸಲ ಟೈರು ಬದಲಾಗಿದ್ದರೆ ಅದು ಸಂದೇಹಾಸ್ಪದ. ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಪರಿವರ್ತನೆಯಾದ ವಾಹನವೇ ಎಂಬುದನ್ನೂ ವಿಚಾರಿಸಬೇಕು. ಅಂತಹದು ಕೊಳ್ಳಲೇಬಾರದ ವಸ್ತುವಲ್ಲ, ಆದರೆ ಖಾಸಗಿ ಬಳಕೆಯ ವಾಹನದ ಬೆಲೆಗೆ ಕೊಳ್ಳತಕ್ಕದ್ದಲ್ಲ.

5. ಚಾಸಿಸ್, ದೇಹ ಮತ್ತು ಪ್ರವಾಹದ ಗುರುತು

ವಾಹನವನ್ನು ಹಗಲು ಬೆಳಕಿನಲ್ಲಿ, ತೊಳೆಯುವ ಮೊದಲು ನೋಡುವುದು ಒಳ್ಳೆಯದು. ಬೊಲೆರೊ, ಸ್ಕಾರ್ಪಿಯೊ, ಸುಮೊ, ಇನ್ನೋವಾ ಮುಂತಾದವುಗಳಲ್ಲಿ ದೇಹವು ಪ್ರತ್ಯೇಕ ಚಾಸಿಸ್ ಮೇಲೆ ಕೂತಿರುತ್ತದೆ. ಆ ಉಕ್ಕಿನ ತೊಲೆಗಳು ಸೊಟ್ಟಗಾಗಿದ್ದರೆ ಅಥವಾ ಸೀಳಿ ವೆಲ್ಡಿಂಗ್ ಆಗಿದ್ದರೆ ವಾಹನ ಮತ್ತೆ ನೇರವಾಗಿ ಓಡುವುದು ಕಷ್ಟ. ರ‍್ಯಾಂಪಿನ ಮೇಲೇರಿಸಿ ಕೆಳಗಿನಿಂದ ಪೂರ್ತಿ ನೋಡಬೇಕು. ಬೊಲೆರೊದಂತಹ ವಾಹನಗಳ ಹಿಂದಿನ ಲೀಫ್ ಸ್ಪ್ರಿಂಗ್ ಪಟ್ಟಿಗಳಲ್ಲಿ ಬಿರುಕು ಇದ್ದರೆ ಅಥವಾ ಹೆಚ್ಚುವರಿ ಪಟ್ಟಿ ಜೋಡಿಸಿದ್ದರೆ, ಆ ವಾಹನ ಜನರಿಗಿಂತ ಚೀಲಗಳನ್ನೇ ಹೆಚ್ಚು ಹೊತ್ತಿದೆ ಎಂದು ತಿಳಿಯಬಹುದು. ಬಾಗಿಲು, ಬಾನೆಟ್ಟುಗಳ ಬೋಲ್ಟುಗಳ ಮೇಲೆ ಪಾನಾ ಹಾಕಿದ ಗುರುತು, ಗಾಜುಗಳ ಮೇಲಿನ ವರ್ಷಗಳಲ್ಲಿ ವ್ಯತ್ಯಾಸ, ಬಣ್ಣದ ಛಾಯೆಯಲ್ಲಿ ಭೇದ ಇವು ಅಪಘಾತದ ಚಿಹ್ನೆಗಳು.

ನೀರು ಹೊಕ್ಕ ವಾಹನ ಎಲ್ಲಕ್ಕಿಂತ ಅಪಾಯಕಾರಿ. 2020ರ ಅಕ್ಟೋಬರ್‌ನಲ್ಲಿ ಹೈದರಾಬಾದ್ ನಗರವೂ ನಮ್ಮ ಭೀಮಾ ತೀರವೂ ಪ್ರವಾಹಕ್ಕೆ ತುತ್ತಾದವು. 2015 ಮತ್ತು 2023ರ ಡಿಸೆಂಬರ್‌ಗಳಲ್ಲಿ ಚೆನ್ನೈ, 2024ರ ಸೆಪ್ಟೆಂಬರ್‌ನಲ್ಲಿ ವಿಜಯವಾಡ ಮುಳುಗಿದವು. ಇಂತಹ ವಾಹನಗಳು ಒಣಗಿ, ಪಾಲಿಷ್ ಆಗಿ, ದೂರದ ಊರುಗಳಲ್ಲಿ ಮಾರಾಟಕ್ಕೆ ಬರುವುದುಂಟು. ನಮ್ಮ ಎರೆಭೂಮಿಯಲ್ಲಿ, ಗದ್ದೆ ಬಯಲಿನಲ್ಲಿ ಓಡಿದ ವಾಹನದ ಹೊರಮೈ ಕೆಳಗೆ ಕಪ್ಪು ಕೆಸರು ಅಂಟಿರುವುದು ಸ್ವಾಭಾವಿಕ, ಅದರಿಂದ ಗಾಬರಿಯಾಗಬೇಕಿಲ್ಲ. ಆದರೆ ಕೆಸರು ಒಳಗೆ ಇರಬಾರದು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಕಲೆಯ ಗೆರೆ ಇದೆಯೇ ನೋಡಬೇಕು. ಕಾಲ್ಕಂಬಳಿ ಎತ್ತಿ ವಾಸನೆ ಮತ್ತು ತುಕ್ಕು ಪರೀಕ್ಷಿಸಬೇಕು. ಸೀಟಿನ ಹಳಿ, ಫ್ಯೂಸ್ ಪೆಟ್ಟಿಗೆ, ಡ್ಯಾಷ್‌ಬೋರ್ಡಿನ ಕೆಳಗಿನ ವೈರುಗಳ ಕೊಂಡಿ, ಹೆಡ್‌ಲೈಟಿನ ಒಳಭಾಗ ಇಲ್ಲೆಲ್ಲ ಸಣ್ಣ ಮಣ್ಣಿನ ಪದರ ಕಂಡರೆ ಹಿಂದಿರುಗುವುದೇ ಲಾಭ. ವಿದ್ಯುತ್ ದೋಷಗಳು ತಿಂಗಳುಗಳ ನಂತರ ಒಂದೊಂದಾಗಿ ಹೊರಬರುತ್ತವೆ.

6. ಇಂಜಿನ್ ಪರೀಕ್ಷೆ

ಮುಂಜಾನೆ, ಇಂಜಿನ್ ತಣ್ಣಗಿರುವಾಗಲೇ ಹೋಗಬೇಕು. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ಮೊದಲೇ ಚಾಲೂ ಮಾಡಿ ಇಟ್ಟಿದ್ದಾರೆಂದು ಅರ್ಥ. ಮಾರನೆಯ ದಿನ ಬರುವುದಾಗಿ ತಿಳಿಸುವುದು ಒಳಿತು. ತಣ್ಣನೆಯ ಇಂಜಿನ್ ಹೆಚ್ಚು ಹೊತ್ತು ಸೆಲ್ಫ್ ಹೊಡೆಯದೆ ಚಾಲೂ ಆಗಬೇಕು. ಹೊಗೆಯ ಬಣ್ಣ ಹೀಗೆ ಸೂಚನೆ ನೀಡುತ್ತದೆ:

ನೀಲಿ ಹೊಗೆ: ಇಂಜಿನ್ ಆಯಿಲ್ ಉರಿಯುತ್ತಿದೆ. ಪಿಸ್ಟನ್ ರಿಂಗುಗಳು, ವಾಲ್ವ್ ಸೀಲುಗಳು ಅಥವಾ ಟರ್ಬೊದ ಸೀಲು ಸವೆದಿವೆ.

ಕಪ್ಪು ಹೊಗೆ: ಗಾಳಿ ಕಡಿಮೆ ಅಥವಾ ಡೀಸೆಲ್ ಅತಿ. ಏರ್ ಫಿಲ್ಟರ್ ಕಟ್ಟಿರುವುದು, ಟರ್ಬೊ ಹೋಸ್ ಸೋರಿಕೆ ಅಥವಾ ಇಂಜೆಕ್ಟರ್ ದೋಷ ಇರಬಹುದು.

ಬಿಳಿ ಹೊಗೆ: ಚಾಲೂ ಆದಾಗ ಕ್ಷಣಕಾಲ ಬಂದು ನಿಂತರೆ ಚಿಂತೆಯಿಲ್ಲ. ಬಿಸಿಯಾದ ಮೇಲೂ ಮುಂದುವರಿದರೆ ಕಂಪ್ರೆಷನ್ ಕುಸಿದಿದೆ ಅಥವಾ ಕೂಲೆಂಟ್ ಇಂಜಿನ್ ಒಳಗೆ ಸೇರುತ್ತಿದೆ.

ಇಂಜಿನ್ ಚಾಲೂ ಇರುವಾಗ ಆಯಿಲ್ ಹಾಕುವ ಮುಚ್ಚಳವನ್ನು ನಿಧಾನವಾಗಿ ಸಡಿಲಿಸಿ ಅಲ್ಲಿಯೇ ಇಟ್ಟು ನೋಡಬೇಕು. ಮುಚ್ಚಳ ಹಾರಿ ಬೀಳುವಷ್ಟು ಗಾಳಿ ಒತ್ತಿ ಬಂದರೆ, ಹೊಗೆ ಚಿಮ್ಮಿದರೆ, ಮೆಕ್ಯಾನಿಕ್ಕುಗಳು ಬ್ಯಾಕ್ ಕಂಪ್ರೆಷನ್ ಎಂದು ಕರೆಯುವ ದೋಷವಿದು. ಇಂಜಿನ್ ಬಿಚ್ಚುವ ಕಾಲ ಸಮೀಪಿಸಿದೆ ಎಂದು ತಿಳಿಯತಕ್ಕದ್ದು. ಡೀಸೆಲ್ ಇಂಜಿನ್ನಿನ ಆಯಿಲ್ ಕೆಲವೇ ದಿನಗಳಲ್ಲಿ ಕಪ್ಪಾಗುವುದರಿಂದ ಬಣ್ಣ ಮಾತ್ರ ನೋಡಿ ತೀರ್ಮಾನಿಸಬಾರದು. ಆದರೆ ಆಯಿಲ್ ಹಾಲು ಬೆರೆತ ಚಹಾದಂತೆ ಕಂಡರೆ ಅದರಲ್ಲಿ ಕೂಲೆಂಟ್ ಸೇರಿದೆ. ಆಯಿಲ್ ಮಟ್ಟ ಗುರುತಿಗಿಂತ ಮೇಲಿದ್ದು ಡೀಸೆಲ್ ವಾಸನೆ ಬಂದರೆ ಇಂಧನ ಇಳಿಯುತ್ತಿದೆ.

ನಮ್ಮ ಜಿಲ್ಲೆಯ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ವಾಡಿಕೆ. ಆದ್ದರಿಂದ ರೇಡಿಯೇಟರ್ ವಿಷಯದಲ್ಲಿ ವಿಶೇಷ ಗಮನ ಬೇಕು. ಇಂಜಿನ್ ಪೂರ್ತಿ ತಣ್ಣಗಿದ್ದಾಗ ಮಾತ್ರ ಮುಚ್ಚಳ ತೆಗೆದು, ನೀರಿನಲ್ಲಿ ತುಕ್ಕು ಅಥವಾ ಎಣ್ಣೆಯ ತೆಟ್ಟೆ ಇದೆಯೇ ನೋಡಬೇಕು. ಕೂಲೆಂಟ್ ಬದಲು ಬರೀ ಬೋರ್‌ವೆಲ್ ನೀರು ತುಂಬಿದ್ದರೆ ಒಳಗೆ ಉಪ್ಪು ಕಟ್ಟಿರುತ್ತದೆ. ಜಿನ್ನಿಂಗ್ ಕಾರ್ಖಾನೆಯ ಅಂಗಳದಲ್ಲಿ ನಿಂತ ವಾಹನಗಳ ರೇಡಿಯೇಟರ್ ಮತ್ತು ಎ.ಸಿ. ಕಂಡೆನ್ಸರ್‌ಗಳ ನಡುವೆ ಹತ್ತಿಯ ಎಳೆ, ಧೂಳು ಕೂಡಿ ಕಂಬಳಿಯಂತೆ ಕಟ್ಟಿಕೊಳ್ಳಬಹುದು; ಟಾರ್ಚ್ ಬಿಟ್ಟು ನೋಡಬೇಕು. ಕೊನೆಗೆ ಎ.ಸಿ. ಹಾಕಿ ವಾಹನವನ್ನು ನಿಂತಲ್ಲಿಯೇ 20 ನಿಮಿಷ ಚಾಲೂ ಇಟ್ಟು, ಉಷ್ಣಾಂಶದ ಮುಳ್ಳು ನಡುವೆ ಸ್ಥಿರವಾಗಿ ನಿಲ್ಲುವುದೇ ಎಂದು ಗಮನಿಸಬೇಕು.

ಕಾಮನ್ ರೈಲ್ ಇಂಜಿನ್ನುಗಳಲ್ಲಿ ಇಂಜೆಕ್ಟರ್ ಮತ್ತು ಅಧಿಕ ಒತ್ತಡದ ಪಂಪು ಅತ್ಯಂತ ತುಟ್ಟಿಯ ಭಾಗಗಳು. ಕಲಬೆರಕೆ ಡೀಸೆಲ್ ಮತ್ತು ಬದಲಾಯಿಸದ ಡೀಸೆಲ್ ಫಿಲ್ಟರ್ ಇವುಗಳ ಶತ್ರುಗಳು. ಯಾದಗಿರಿ, ಕಲಬುರಗಿ ಅಥವಾ ರಾಯಚೂರಿನ ಸ್ಕ್ಯಾನರ್ ಇರುವ ವರ್ಕ್‌ಶಾಪಿನಲ್ಲಿ ದೋಷದ ಸಂಕೇತಗಳನ್ನು ಓದಿಸಿ, ಇಂಜೆಕ್ಟರುಗಳ ಹಿಮ್ಮರಳುವ ಡೀಸೆಲ್ ಪ್ರಮಾಣವನ್ನು ಅಳೆಯಿಸಬೇಕು. ಇದಕ್ಕೆ ತಗಲುವ ವೆಚ್ಚ ಒಂದು ಇಂಜೆಕ್ಟರಿನ ಬೆಲೆಯ ಸಣ್ಣ ಅಂಶ ಮಾತ್ರ. ಮಾರುವವರಿಗೆ ಪರಿಚಯವಿಲ್ಲದ ಮೆಕ್ಯಾನಿಕ್ಕನನ್ನು ತಾವೇ ಆರಿಸಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

7. ಬಿಎಸ್-4 ಹಾಗೂ ಬಿಎಸ್-6

ದೇಶದಾದ್ಯಂತ 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡ ಜಾರಿಯಾಯಿತು. ಅಲ್ಲಿಂದೀಚಿನ ಡೀಸೆಲ್ ವಾಹನಗಳಲ್ಲಿ ಮಸಿಯನ್ನು ಹಿಡಿದಿಡುವ ಡಿ.ಪಿ.ಎಫ್. ಎಂಬ ಶೋಧಕವಿರುತ್ತದೆ. ಸಂಗ್ರಹವಾದ ಮಸಿ ಸುಟ್ಟುಹೋಗಲು ವಾಹನ ಆಗಾಗ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಕೆಲಕಾಲ ಓಡಬೇಕು. ಊರೊಳಗೆ ಮಾತ್ರ ಓಡಿದ ವಾಹನದಲ್ಲಿ ಅದು ಕಟ್ಟಿಕೊಂಡು ಎಚ್ಚರಿಕೆಯ ದೀಪ ಹೊತ್ತುತ್ತದೆ; ಬದಲಾವಣೆ ಬಹು ವೆಚ್ಚದಾಯಕ. ಕೆಲವರು ಶೋಧಕವನ್ನೇ ಕಿತ್ತು ಹಾಕಿಸುತ್ತಾರೆ, ಇದು ಕಾನೂನುಬಾಹಿರ. ಕೆಲವು ಮಾದರಿಗಳಿಗೆ ಯೂರಿಯಾ ದ್ರಾವಣವನ್ನೂ ತುಂಬುತ್ತಿರಬೇಕು. ಜೇವರ್ಗಿ–ಶಹಾಪುರ–ಸುರಪುರ–ಲಿಂಗಸುಗೂರು ಹೆದ್ದಾರಿಯಲ್ಲಿ ನಿತ್ಯ ಓಡಾಡುವವರಿಗೆ ಬಿಎಸ್-6 ತೊಂದರೆ ಕೊಡದು; ಇತರರು ಯೋಚಿಸಬೇಕು. ಬಿಎಸ್-4 ವಾಹನ ರಿಪೇರಿಗೆ ಸರಳ, ಆದರೆ 2020ರ ಹಿಂದಿನದಾದ್ದರಿಂದ ವಯಸ್ಸು ಹೆಚ್ಚು.

8. ಪರೀಕ್ಷಾ ಚಾಲನೆ

ಗಲ್ಲಿಯಲ್ಲಿ ಒಂದು ಸುತ್ತು ಹೊಡೆದರೆ ಏನೂ ತಿಳಿಯದು. ಕನಿಷ್ಠ 30 ಕಿ.ಮೀ. ಓಡಿಸಬೇಕು. ಯಾದಗಿರಿಯವರು ಭೀಮಾ ಸೇತುವೆ ದಾಟಿ ಶಹಾಪುರದ ರಸ್ತೆಯಲ್ಲಿ, ಸುರಪುರದವರು ಗುಡ್ಡದ ಏರುಗಳಲ್ಲಿ ಮತ್ತು ಹೆದ್ದಾರಿಯಲ್ಲಿ ಓಡಿಸಬಹುದು. ಏರಿನಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದೇ, ಮೂರನೇ ಗೇರಿನಲ್ಲಿ ನಿಧಾನವಾಗಿ ಹೋಗುತ್ತ ಒಮ್ಮೆಲೇ ಎಕ್ಸಲರೇಟರ್ ಒತ್ತಿದಾಗ ಇಂಜಿನ್ ಮಾತ್ರ ಕೂಗಿ ವೇಗ ಏರದೇ ಇರುವುದೇ ನೋಡಬೇಕು. ಹಾಗಾದಲ್ಲಿ ಕ್ಲಚ್ ಪ್ಲೇಟ್ ಮುಗಿದಿದೆ. 1,800ರಿಂದ 2,000 ಸುತ್ತುಗಳ ಹತ್ತಿರ ಟರ್ಬೊದ ಎಳೆತ ಸ್ಪಷ್ಟವಾಗಿ ತಿಳಿಯಬೇಕು. ಶಿಳ್ಳೆಯಂಥ ತೀಕ್ಷ್ಣ ಶಬ್ದ ಬರಬಾರದು. 80 ಕಿ.ಮೀ. ವೇಗದಲ್ಲಿ ಸ್ಟೇರಿಂಗ್ ನಡುಗಬಾರದು. ಹಿಂದಿನ ಹೌಸಿಂಗ್‌ನಿಂದ ಗುಂಯ್‌ಗುಡುವ ಸದ್ದು ಕೇಳಿದರೆ ಕ್ರೌನ್ ಪಿನಿಯನ್ ಸವೆದಿದೆ. ಕಾಲುವೆ ದಂಡೆಯಂತಹ ಕಚ್ಚಾ ರಸ್ತೆಯಲ್ಲಿ ಕಿಟಕಿ ತೆರೆದು ಸಸ್ಪೆನ್ಷನ್ ಶಬ್ದ ಆಲಿಸಬೇಕು. ಹಿಂದಿರುಗಿದ ಮೇಲೆ ಇಂಜಿನ್ ನಿಲ್ಲಿಸಿ, ಐದು ನಿಮಿಷ ಬಿಟ್ಟು ಮತ್ತೆ ಚಾಲೂ ಮಾಡಬೇಕು. ಬಿಸಿಯಲ್ಲಿ ಚಾಲೂ ಆಗಲು ತಡವಾದರೆ ಇಂಜೆಕ್ಟರ್ ಅಥವಾ ಪಂಪು ದುರ್ಬಲವಾಗಿರುವ ಸಂಭವವಿದೆ.

9. ಬಿಡಿಭಾಗಗಳ ಲಭ್ಯತೆ

ಸುಗ್ಗಿಯ ಕಾಲದಲ್ಲಿ ವಾಹನ ಹದಿನೈದು ದಿನ ಗ್ಯಾರೇಜಿನಲ್ಲಿ ನಿಂತರೆ ಆಗುವ ನಷ್ಟ ರಿಪೇರಿಯ ಬಿಲ್ಲಿಗಿಂತ ದೊಡ್ಡದು. ಷೆವರ್ಲೆ ವಾಹನಗಳ ಮಾರಾಟ ಭಾರತದಲ್ಲಿ 2017ರ ಅಂತ್ಯಕ್ಕೆ ನಿಂತಿತು. ಫೋರ್ಡ್ 2021ರಲ್ಲಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿತು. ಮಾರುತಿ 2020ರ ಏಪ್ರಿಲ್‌ನಿಂದ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು. ಟಾಟಾ ಸುಮೊ 2019ರಲ್ಲಿ ಕೊನೆಗೊಂಡಿತು. ತವೇರಾ, ಎಂಡೆವರ್, ಇಕೊಸ್ಪೋರ್ಟ್‌ಗಳು ಅಗ್ಗವಾಗಿ ಸಿಗುವುದಕ್ಕೆ ಇದೂ ಒಂದು ಕಾರಣ. ಇಂತಹ ವಾಹನ ಕೊಳ್ಳುವ ಮುನ್ನ ಸ್ಥಳೀಯ ಬಿಡಿಭಾಗದ ಅಂಗಡಿಯಲ್ಲಿ ಕ್ಲಚ್ ಸೆಟ್, ಇಂಜೆಕ್ಟರ್, ಹೆಡ್‌ಲೈಟ್ ಈ ಮೂರು ವಸ್ತುಗಳ ದರ ಮತ್ತು ದೊರೆಯುವ ಅವಧಿಯನ್ನು ಕೇಳಿದರೆ ಸಾಕು, ಮುಂದಿನ ಚಿತ್ರ ಸ್ಪಷ್ಟವಾಗುತ್ತದೆ.

10. ಬೆಲೆ, ತೆರಿಗೆ ಮತ್ತು ಪಾವತಿ

ಹಳೆಯದರ ಬೆಲೆಗೆ ಹೊಸದರ ಬೆಲೆಯೇ ಅಳತೆಗೋಲು. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಮೀರದ, 1500 ಸಿ.ಸಿ.ವರೆಗಿನ ಡೀಸೆಲ್ ವಾಹನಗಳ ಮೇಲಿನ ತೆರಿಗೆ ಸೆಸ್ ಸೇರಿ ಶೇ. 31 ಇದ್ದುದು ಶೇ. 18ಕ್ಕೆ ಇಳಿದಿದೆ, ದೊಡ್ಡ ಎಸ್.ಯು.ವಿ.ಗಳ ಮೇಲೆ ಶೇ. 40 ಇದೆ. ಬೊಲೆರೊ ಮೊದಲನೆಯ ವರ್ಗಕ್ಕೆ ಸೇರುತ್ತದೆ. ಆದ್ದರಿಂದ ಅದಕ್ಕಿಂತ ಹಿಂದಿನ ದರಗಳನ್ನು ಆಧರಿಸಿ ಹೇಳುವ ಬೆಲೆಯನ್ನು ಒಪ್ಪಬಾರದು.

ಒಪ್ಪಿದ ಬೆಲೆಯೇ ಕೊಂಡ ಬೆಲೆಯಲ್ಲ. ಒಂದು ಉದಾಹರಣೆ:

ಒಪ್ಪಿದ ಬೆಲೆ: 5,50,000 ರೂ.
ವಿಮೆ: 20,000 ರೂ.
ನಾಲ್ಕು ಟೈರುಗಳು: 28,000 ರೂ.
ಬ್ಯಾಟರಿ: 7,000 ರೂ.
ಕ್ಲಚ್: 18,000 ರೂ.
ಆಯಿಲ್, ಫಿಲ್ಟರ್, ಪೂರ್ಣ ಸರ್ವಿಸ್: 12,000 ರೂ.
ವರ್ಗಾವಣೆ ಮತ್ತು ಇತರೆ: 5,000 ರೂ.
ಒಟ್ಟು: 6,40,000 ರೂ.

ಈ ಮೊತ್ತಕ್ಕೆ ಶೇ. 12ರ ಬಡ್ಡಿ ಹಿಡಿದರೆ ವರ್ಷಕ್ಕೆ 76,800 ರೂ., ತಿಂಗಳಿಗೆ 6,400 ರೂ. ಆಗುತ್ತದೆ. ತೊಗರಿ ಆವಕ ಆರಂಭವಾಗುವ ಹೊತ್ತಿಗೆ ಖರೀದಿಗೆ ಬೇಕಾದ ದುಡಿಯುವ ಬಂಡವಾಳ ವಾಹನದಲ್ಲಿ ಸಿಕ್ಕಿಕೊಂಡರೆ ಆಗುವ ನಷ್ಟ ಇದಕ್ಕಿಂತ ಹೆಚ್ಚು. ಪರಿಶೀಲನೆಯಲ್ಲಿ ಕಂಡ ಪ್ರತಿ ದೋಷವನ್ನೂ ಹೀಗೆ ರೂಪಾಯಿಗಳಲ್ಲಿ ಬರೆದು ಎದುರಿಗಿಟ್ಟರೆ ಚೌಕಾಸಿ ತಾನಾಗಿ ನ್ಯಾಯಸಮ್ಮತವಾಗುತ್ತದೆ.

ಜಿ.ಎಸ್.ಟಿ. ನೋಂದಾಯಿತ ಸಂಸ್ಥೆಯಿಂದ ಹಳೆಯ ವಾಹನ ಕೊಳ್ಳುವಾಗ ತೆರಿಗೆ ಪೂರ್ಣ ಬೆಲೆಯ ಮೇಲಲ್ಲ, ಮಾರಾಟಗಾರರ ಲಾಭಾಂಶದ ಮೇಲೆ ಮಾತ್ರ. ಮಾರುವವರು ಖರೀದಿಯಲ್ಲಿ ಹೂಡುವಳಿ ತೆರಿಗೆ ಜಮೆ ಪಡೆದಿರಬಾರದು. 2025ರ ಜನವರಿ 16ರ ಅಧಿಸೂಚನೆಯ ಪ್ರಕಾರ ಈ ದರ ಶೇ. 18. ಸವಕಳಿ ಕಳೆದು ಪುಸ್ತಕದಲ್ಲಿ 4,40,000 ರೂ. ಮೌಲ್ಯವಿರುವ ವಾಹನವನ್ನು ಸಂಸ್ಥೆಯು 5,50,000 ರೂ.ಗೆ ಮಾರಿದರೆ, ಲಾಭಾಂಶ 1,10,000 ರೂ., ತೆರಿಗೆ 19,800 ರೂ. ಲಾಭಾಂಶವೇ ಇಲ್ಲದಿದ್ದರೆ ತೆರಿಗೆಯೂ ಇಲ್ಲ. ನೋಂದಾಯಿತರಲ್ಲದ ಖಾಸಗಿ ವ್ಯಕ್ತಿ ತಮ್ಮ ಸ್ವಂತ ವಾಹನ ಮಾರಿದರೆ ಈ ತೆರಿಗೆ ಅನ್ವಯಿಸದು. ಹಳೆಯ ವಾಹನಗಳ ವ್ಯಾಪಾರಿಯಿಂದ ಕೊಳ್ಳುವವರು, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ ಅವರಲ್ಲಿ ನೋಂದಣಿ ಪ್ರಾಧಿಕಾರದ ಅಧಿಕಾರ ಪತ್ರವಿದೆಯೇ ಎಂದು ಕೇಳಬೇಕು.

ಹಣವನ್ನು ಬ್ಯಾಂಕಿನ ಮೂಲಕವೇ ಪಾವತಿಸತಕ್ಕದ್ದು. ಆದಾಯ ತೆರಿಗೆ ಕಾನೂನಿನಂತೆ ಒಂದೇ ವ್ಯವಹಾರದಲ್ಲಿ 2 ಲಕ್ಷ ರೂ. ಅಥವಾ ಹೆಚ್ಚು ನಗದು ಸ್ವೀಕರಿಸುವುದು ನಿಷಿದ್ಧ. ಅಲ್ಲದೆ ಒಬ್ಬರಿಗೆ ಒಂದೇ ದಿನ 10,000 ರೂ. ಮೀರಿ ನಗದಾಗಿ ಕೊಟ್ಟ ಹಣ ವಾಹನದ ವೆಚ್ಚವೆಂದು ಪರಿಗಣಿತವಾಗುವುದಿಲ್ಲ. ಅದರ ಮೇಲೆ ಸವಕಳಿ ದೊರೆಯದು. ವಾಹನಕ್ಕೆ ವರ್ಷಕ್ಕೆ ಸಾಮಾನ್ಯವಾಗಿ ಶೇ. 15ರ ಸವಕಳಿ ಲಭ್ಯವಿರುವುದರಿಂದ ವ್ಯವಹಾರದ ಹೆಸರಿನಲ್ಲಿ ಕೊಳ್ಳುವವರಿಗೆ ಇದು ಸಣ್ಣ ವಿಷಯವಲ್ಲ.

11. ಮುಂಗಡದ ಕರಾರು

ಎಲ್ಲವೂ ತೃಪ್ತಿಕರವಾದಾಗ ಅಲ್ಪ ಮುಂಗಡ ಕೊಟ್ಟು ಛಾಪಾ ಕಾಗದದ ಮೇಲೆ ಕರಾರು ಬರೆಸಬೇಕು. ಅದರಲ್ಲಿ ಈ ಕೆಳಗಿನ ಅಂಶಗಳು ಇರುವುದು ಹಿತಕರ:

(ಅ) ನೋಂದಣಿ, ಚಾಸಿಸ್, ಇಂಜಿನ್ ಸಂಖ್ಯೆಗಳು ಹಾಗೂ ಅಂದಿನ ಮೀಟರ್ ಅಂಕಿ.
(ಆ) ವಾಹನ ಹಸ್ತಾಂತರಿಸಿದ ದಿನಾಂಕ ಮತ್ತು ಗಂಟೆ. ಅದಕ್ಕೂ ಮೊದಲಿನ ಚಲನ್, ಅಪಘಾತ, ಮೊಕದ್ದಮೆಗಳ ಹೊಣೆ ಮಾರಿದವರದು, ನಂತರದ್ದು ಕೊಂಡವರದು ಎಂಬ ಒಪ್ಪಂದ.
(ಇ) ಸಾಲ ಬಾಕಿ ಇಲ್ಲ, ಪ್ರವಾಹಕ್ಕೆ ಅಥವಾ ದೊಡ್ಡ ಅಪಘಾತಕ್ಕೆ ಸಿಕ್ಕಿಲ್ಲ ಎಂಬ ಮಾರಾಟಗಾರರ ಹೇಳಿಕೆ.
(ಈ) ವರ್ಗಾವಣೆ ಪೂರ್ಣಗೊಳ್ಳುವವರೆಗೆ ತಡೆಹಿಡಿಯುವ ಮೊತ್ತ. ಕಾಗದಪತ್ರದಲ್ಲಿ ದೋಷ ಕಂಡರೆ ಮುಂಗಡ ಹಿಂದಿರುಗಿಸುವ ಷರತ್ತು.
(ಉ) ಎರಡನೇ ಕೀಲಿಕೈ, ಮೂಲ ಇನ್‌ವಾಯ್ಸ್, ಸರ್ವಿಸ್ ಪುಸ್ತಕ, ಅತಿ ಸುರಕ್ಷಿತ ನೋಂದಣಿ ಫಲಕಗಳ ಹಸ್ತಾಂತರ.

ಮಾರುವವರು ಮುಂಜಾನೆಯ ಪರೀಕ್ಷೆಗೆ, ಸ್ಕ್ಯಾನರ್ ತಪಾಸಣೆಗೆ ಅಥವಾ ಬ್ಯಾಂಕ್ ಪಾವತಿಗೆ ಒಪ್ಪದಿದ್ದರೆ ಅದನ್ನೇ ಒಂದು ದೋಷವೆಂದು ಪರಿಗಣಿಸಿ ಹಿಂದೆ ಸರಿಯಬೇಕು. ಪೇಟೆಯಲ್ಲಿ ಹಳೆಯ ವಾಹನಗಳಿಗೆ ಕೊರತೆಯಿಲ್ಲ. ಒಂದು ವಾಹನ ಕೈತಪ್ಪಿದರೆ ವಾರದೊಳಗೆ ಇನ್ನೊಂದು ಸಿಗುತ್ತದೆ. ದೋಷಯುಕ್ತ ವಾಹನಕ್ಕೆ ಹಾಕಿದ ಬಂಡವಾಳ ಅಷ್ಟು ಸುಲಭವಾಗಿ ಹಿಂದಿರುಗುವುದಿಲ್ಲ.